ಗಂಡಿನ ಪುಡಿ

ಗಾಜಿನ ತೊಟ್ಟಿಯ ತಳದಲ್ಲಿ ಆ ಮೀನು ಮತ್ತೆ ಕುಣಿ ತೋಡತೊಡಗಿತ್ತು. ಬಾಯಿ ತುಂಬ ಮರಳು ತುಂಬಿಕೊಂಡು ಅಂಚಿಗೆ ಒಯ್ದು ಉಗುಳುವುದು, ತಿರುಗಿ ಬರುವುದು, ಮತ್ತೆ ತುಂಬಿಕೊಳ್ಳುವುದು. ನೋಡಬಾರದು ಅಂದುಕೊಂಡರೂ ಅಮಸಿದ್ದಪ್ಪ ನೋಡುತ್ತ ನಿಂತ. ಎಂಟೂವರೆಯ ಬಸ್ಸಿಗೆ ಹೆಂಡತಿಯನ್ನು ಕರೆದುಕೊಂಡು ಬಾಗಲಕೋಟೆಗೆ ಹೋಗಬೇಕಿತ್ತು, ಐದನೆಯ ತಿಂಗಳ ಸ್ಕ್ಯಾನಿಂಗಿಗೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದವನು ಮರಿಗಳಿಗೆ ಒಂದು ಸಲ ಆಹಾರ ಹಾಕಿ ಹೋಗೋಣವೆಂದು ಒಳಗೆ ಕಾಲಿಟ್ಟಿದ್ದ, ಅಷ್ಟೆ. ಕುಣಿ ತೋಡುವುದು ಜಿಲೇಬಿ ಮೀನಿನಲ್ಲಿ, ಅಂದರೆ ತಿಲಾಪಿಯಾದಲ್ಲಿ, ಗಂಡಿನ ಕೆಲಸ. ತೋಡಿದ ಮೇಲೆ ಅದರ ಗಂಟಲು, ರೆಕ್ಕೆಯ ಅಂಚು ಕೆಂಪಾಗುತ್ತವೆ. ಸುಳಿದ ಪ್ರತಿಯೊಂದು ಹೆಣ್ಣಿನ ಮುಂದೆ ಮೈ ಅಡ್ಡಹಾಕಿ ನಡುಗುತ್ತದೆ, ಇನ್ನೊಂದು ಗಂಡು ಬಂದರೆ ಬಾಯಿಗೆ ಬಾಯಿ ಕಚ್ಚಿ ತಳ್ಳುತ್ತದೆ. ಒಂಬತ್ತು ವರ್ಷದಿಂದ ಇದನ್ನೇ ನೋಡಿಕೊಂಡು ಬಂದ ಕಣ್ಣು ಅವನದು. ಆದರೆ ಮೊನ್ನೆಯಿಂದ ಈ ಕೆಂಪು, ಈ ನಡುಕ ಅವನಿಗೆ ಬೇರೆಯೇ ಕಾಣುತ್ತಿದ್ದವು.

ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ತೌಸಿಫ ಕುಳಿತಿದ್ದ. ಮೀನುಗಾರಿಕೆ ಓದಿ ಈಗ ಸಂಶೋಧನೆ ಮಾಡುತ್ತಿದ್ದ ಹುಡುಗ. ಘಟಪ್ರಭೆಯ ದಂಡೆಯ ಈ ಖಾಸಗಿ ಮರಿ ಸಾಕಣೆ ಕೇಂದ್ರದಲ್ಲಿ ಒಂದು ತಿಂಗಳಿಂದ ಬೀಡುಬಿಟ್ಟಿದ್ದ. ನೀರು ಎಷ್ಟು ಕಾದಾಗ ಯಾವ ಮೀನು ಎಷ್ಟು ಸಲ ತೋಡಿತು, ಎಷ್ಟು ಸಲ ಬೆನ್ನಟ್ಟಿತು ಎಂದು ಪುಸ್ತಕದಲ್ಲಿ ಗೀಟು ಹಾಕುವುದೇ ಅವನ ಕೆಲಸ. ಇವತ್ತು ಒಂಬತ್ತರ ಗಾಡಿಗೆ ತನ್ನ ಕಾಲೇಜಿಗೆ ಹೊರಟಿದ್ದ, ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದ. ಮುಖದಲ್ಲಿ ಹಬ್ಬದ ಕಳೆ.

‘ರಿಪೋರ್ಟ್ ಬಂತ್ರಿ ಅಣ್ಣಾರ. ಇದರ ರೆಕ್ಕಿ ತುಂಡು ಲ್ಯಾಬಿಗೆ ಕಳಿಸಿದ್ವೆಲ್ಲಾ? ಹುಟ್ಟಿದ್ದು ಹೆಣ್ಣಂತ. ಪಕ್ಕಾ ಹೆಣ್ಣು. ನೋಡ್ರಿ ಈಗ ಹೆಂಗ ತೋಡಾಕತ್ತೈತಿ.’

‘ನಮ್ಮ ಪುಡಿಯಿಂದ?’

‘ಮತ್ತ್ಯಾತರಿಂದ? ಮರಿ ಇದ್ದಾಗ ಮೂರು ವಾರ ತಿಂದೈತಿ. ಮೈಯಷ್ಟ ಅಲ್ರಿ, ತಲಿನೂ ಗಂಡಾಗಿಬಿಟ್ಟೈತಿ. ಅದಕ್ಕ ತಾ ಹೆಣ್ಣಂತ ಗೊತ್ತಽ ಇಲ್ಲ.’

ಅಮಸಿದ್ದಪ್ಪ ನಗಲು ನೋಡಿದ. ಇದೇ ತೌಸಿಫ ಮೊನ್ನೆ, ರಬ್ಬರು ಕೈಗವಸು ಏರಿಸಿಕೊಳ್ಳುತ್ತ, ಯಾವುದೋ ಮಾತಿನ ನಡುವೆ, ‘ಮನ್ಯಾಗ ಬಸುರಿ ಹೆಣ್ಮಕ್ಕಳಿದ್ರ ಈ ಪುಡಿ ಮುಟ್ಟಾಕ ಕೊಡಬ್ಯಾಡ್ರಿ ಅಣ್ಣಾರ, ಚರ್ಮದಿಂದಽ ಒಳಗ ಹೋಗತೈತಿ. ಹೆಣ್ಣು ಕೂಸಿದ್ರ ಭಾಳ ಡೇಂಜರ್’ ಎಂದಿದ್ದ. ಡೇಂಜರ್ ಎಂದರೆ ಏನು ಎಂದು ಕೇಳಲು ಬಾಯಿ ತೆರೆದು, ಯಾಕೆ ಕೇಳುತ್ತೀರಿ ಎಂದು ಅವನು ತಿರುಗಿ ಕೇಳಿದರೆ ಎಂಬ ಅಂಜಿಕೆಗೆ, ‘ಹೌದೇನು’ ಎಂದಷ್ಟೇ ಹೇಳಿ ಅಮಸಿದ್ದಪ್ಪ ಹೊರಗೆ ಬಂದಿದ್ದ. ಹೊರಗೆ ಬಿಸಿಲು ಇತ್ತು, ಕೊಳದ ಮೇಲೆ ಕೊಕ್ಕರೆ ಇತ್ತು, ಎಲ್ಲವೂ ಇದ್ದ ಹಾಗೇ ಇತ್ತು.

ಏಪ್ರಿಲಿನಲ್ಲಿ ಮೋಟರಿನ ಬೆಲ್ಟಿಗೆ ಸಿಕ್ಕು ಅವನ ಬಲಗೈಯ ಮೂರು ಬೆರಳು ಹರಿದಿದ್ದವು. ತತ್ತಿಯನ್ನು ಬಾಯೊಳಗೇ ಇಟ್ಟು ಮರಿ ಮಾಡುವ ಮೀನು ಇದು; ಮರಿಗಳು ಆಗಷ್ಟೇ ತಾಯಿಯ ಬಾಯಿಂದ ಹೊರಬಿದ್ದ ಕಾಲ. ಆ ಮೂರು ವಾರದಲ್ಲಿ ಪುಡಿ ತಿನ್ನಿಸದಿದ್ದರೆ ಅರ್ಧ ಹೆಣ್ಣಾಗಿ ಉಳಿದು, ಕೊಳದ ತುಂಬ ಮರಿ ಹಾಕಿ, ಯಾವುದೂ ತೂಕಕ್ಕೆ ಬರುವುದಿಲ್ಲ. ಎಲ್ಲವೂ ಗಂಡಾಗಬೇಕು. ಇಳಕಲ್ಲಿನಿಂದ ಮಾಲೀಕ ವಿಜಯಮಹಾಂತೇಶ ಫೋನಿನಲ್ಲಿ ದಿನವೂ ಅದನ್ನೇ ಹೇಳುತ್ತಿದ್ದ. ಆಗ ಹೆಂಡತಿ ಅಂಜನಾ ತಾನೇ ಸೆರಗು ಸಿಕ್ಕಿಸಿಕೊಂಡು ಬಂದಳು. ಮೂರನೆಯ ತಿಂಗಳು, ಬೆಳಗಿನ ವಾಕರಿಕೆ ಆಗತಾನೇ ಕಡಿಮೆಯಾಗಿತ್ತು. ಅವನು ಹೊರಸಿನ ಮೇಲೆ ಬ್ಯಾಂಡೇಜಿನ ಕೈ ಎದೆಗೆ ಆನಿಸಿಕೊಂಡು ಕೂತು ಹೇಳಿಕೊಟ್ಟ. ಹಿಟ್ಟಿನಂತೆ ಸಾಣಿಸಿದ ಮೀನಿನ ಆಹಾರ, ಅದರ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಗಂಡು ಹಾರ್ಮೋನಿನ ಔಷಧ, ಆಮೇಲೆ ಗಂಟು ಉಳಿಯದ ಹಾಗೆ ಕಲಸಬೇಕು, ನೆರಳಿನಲ್ಲಿ ಹರವಬೇಕು. ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ, ಬೆರಳುಗಳು ಚುರುಕು. ತೊಡಗುವ ಮುಂಚೆ ಒಂದು ಸಲ ತಲೆಯೆತ್ತಿ, ‘ಕೈಗೆ ಏನರ ಹಾಕ್ಕೊಳ್ಳಲೇನ್ರಿ?’ ಎಂದು ಕೇಳಿದ್ದಳು. ರಬ್ಬರು ಕೈಗವಸಿನ ಜೋಡಿ ಗೂಟಕ್ಕೆ ತೂಗುತ್ತಿತ್ತು. ಅವನು ನಕ್ಕಿದ್ದ. ‘ರೊಟ್ಟಿ ಹಿಟ್ಟು ನಾದಾಕ ಯಾರರ ಕೈಚೀಲ ಹಾಕ್ಕೊಂತಾರೇನು? ಬರಿಗೈಲೆ ಕಲಸು, ಗಂಟು ಗೊತ್ತಾಗತೈತಿ.’ ಅವಳೂ ನಕ್ಕಿದ್ದಳು. ಮೊಳಕೈ ತನಕ ಕಂದು ಹಿಟ್ಟು ಮೆತ್ತಿಕೊಂಡು, ಮೂಗಿನ ಮೇಲೆ ಬಿದ್ದ ಕೂದಲನ್ನು ಅದೇ ಕೈಯ ಹಿಂಬದಿಯಿಂದ ತಳ್ಳಿಕೊಂಡು. ಇಪ್ಪತ್ತೊಂದು ದಿನ. ಮೊನ್ನೆಯಿಂದ ಆ ನಗು ಅವನಿಗೆ ಕೇಳುತ್ತಿತ್ತು. ತನ್ನದೇ ನಗು, ಬೇರೆ ಯಾರೋ ನಕ್ಕಂತೆ.

ಬಸ್ಸಿನಲ್ಲಿ ಅಂಜನಾ ಕಿಟಕಿಯ ಬದಿಗೆ ಕೂತಳು. ಹಸಿರು ಖಣದ ಕುಪ್ಪಸ ಬಿಗಿಯಾಗತೊಡಗಿತ್ತು. ಜೂನ್ ಹತ್ತು ದಾಟಿತ್ತು, ಮೋಡ ಕಟ್ಟಿ ಕಟ್ಟಿ ಹೋಗುತ್ತಿತ್ತು, ಮಳೆ ಹನಿದಿರಲಿಲ್ಲ. ‘ಹೊಟ್ಟಿ ಒಳಗ ಮೀನ ಆಡಿದಂಗ ಆಗತೈತ್ರಿ’ ಎಂದು ಅವಳು ಸಣ್ಣ ದನಿಯಲ್ಲಿ ಹೇಳಿದಾಗ ಅವನು ಮುಖ ಆಚೆ ಹೊರಳಿಸಿದ. ಕೇಂದ್ರದ ಕೊಳದಲ್ಲಿ ರೋಹು ಮೀನುಗಳು ಹೊಟ್ಟೆ ತುಂಬ ತತ್ತಿ ಇಟ್ಟುಕೊಂಡು ಮಳೆಗೆ ಕಾದಿದ್ದವು. ನಿಂತ ನೀರಿನಲ್ಲಿ ಅವು ತತ್ತಿ ಬಿಡುವುದಿಲ್ಲ. ಹೊಸ ನೀರು ಹರಿದು ಬರಬೇಕು, ತಂಪಾಗಬೇಕು, ಕೆಂಪಾಗಬೇಕು. ಅದಕ್ಕೆ ಇವರು ಬೆನ್ನಿನ ರೆಕ್ಕೆಯ ಬುಡದಲ್ಲಿ ಸೂಜಿ ಚುಚ್ಚಿ, ದುಂಡನೆಯ ತೊಟ್ಟಿಯಲ್ಲಿ ನೀರು ತಿರುಗಿಸಿ, ಮೇಲಿಂದ ಹನಿ ಸಿಡಿಸಿ, ಮಳೆಗಾಲ ಬಂತೆಂದು ಅವುಗಳ ಮೈಗೆ ಸುಳ್ಳು ಹೇಳುತ್ತಿದ್ದರು. ಎಂಟು ತಾಸಿನೊಳಗೆ ಹೆಣ್ಣು ಗಂಡು ಒಂದಕ್ಕೊಂದು ಮೈ ಉಜ್ಜಿ ನೀರನ್ನು ಕಡೆಯುತ್ತಿದ್ದವು. ಮೊದಲ ಸಲ ನೋಡಿದಾಗ ಎಂಥ ಹೆಮ್ಮೆಯಾಗಿತ್ತು. ಕುರಿ ಕಾದವನ ಮಗ, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ಗೆಳೆಯರಿಗೆ, ‘ಲೇ, ಮಳಿನಽ ಸೂಜ್ಯಾಗ ತುಂಬಿ ಕೊಡ್ತೇವಿ ನಾವು’ ಎಂದು ಹೇಳಿಕೊಂಡಿದ್ದ. ಒಂದು ಸೂಜಿಗೆ ಇಡೀ ಮೈ ನಂಬಿಬಿಡುತ್ತದೆ. ಆಗ ಅದು ಅಂಜಿಕೆಯ ಮಾತಾಗಿ ಕಂಡಿರಲಿಲ್ಲ.

ನವನಗರದ ಆ ದವಾಖಾನೆಯಲ್ಲಿ ಹನ್ನೊಂದಕ್ಕೆ ಅವರ ಸರದಿ ಬಂತು. ಗೋಡೆಯ ಮೇಲೆ ದೊಡ್ಡ ಅಕ್ಷರದ ಬೋರ್ಡು: ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ಕೇಳುವುದು, ಹೇಳುವುದು ಎರಡೂ ಅಪರಾಧ. ಅಮಸಿದ್ದಪ್ಪ ಅದನ್ನು ಆರೇಳು ಸಲ ಓದಿದ. ಅಂಜನಾ ಒಳಗೆ ಮಲಗಿದ್ದಳು. ಪರದೆಯ ಈಚೆ ಅವನು, ಬಾಗಿಲ ಹೊರಗೆ ಬೆಂಚಿನ ಮೇಲೆ ನಾಲ್ಕೈದು ಹೆಂಗಸರು. ಯಂತ್ರ ಗುಂಯ್‌ಗುಟ್ಟುತ್ತಿತ್ತು. ಡಾಕ್ಟರು ಐವತ್ತು ದಾಟಿದ ಹೆಂಗಸು, ಕೈ ಒರೆಸಿಕೊಳ್ಳುತ್ತ ಹೊರಬಂದು, ‘ಎಲ್ಲಾ ಚಲೋ ಐತಿ, ಬೆಳವಣಿಗಿ ಸರಿ ಐತಿ’ ಎಂದು ಬರೆಯತೊಡಗಿದರು. ಈಗ ಕೇಳಬೇಕು ಎಂದುಕೊಂಡ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಾಯಿಯ ಹತ್ತಿರ ಬಂದಾಗ ಮುರಿದು ಬಿತ್ತು.

‘ಮ್ಯಾಡಮ್ಮಾರ... ಕೂಸು... ಹೆಣ್ಣಿದ್ರ...’

ಡಾಕ್ಟರ ಪೆನ್ನು ನಿಂತಿತು.

‘ಏನಂದಿ?’

‘ಹಂಗಲ್ರಿ. ಹೆಣ್ಣಿದ್ರ ಅದರ... ಅದನ್ನೊಂದು ಸ್ವಲ್ಪ ನೋಡಿ ಹೇಳ್ರಿ ಅಂತ...’

‘ಹೊರಗಿನ ಬೋರ್ಡ್ ಓದಿಲ್ಲೇನು? ಸಾಲಿ ಕಲ್ತಾಂವ ಇದ್ದಂಗ ಕಾಣ್ತಿ! ಹೆಣ್ಣಿದ್ರ ಏನು ಮಾಡಾಂವ ನೀ? ಪೊಲೀಸರನ್ನ ಕರೀಲೇನು?’

ಬಾಗಿಲು ತೆರೆದೇ ಇತ್ತು. ಬೆಂಚಿನ ಹೆಂಗಸರು ಒಟ್ಟಿಗೆ ಇತ್ತ ತಿರುಗಿದರು. ಅವರಲ್ಲೊಬ್ಬಳು, ಮುದುಕಿ, ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ ‘ಥೂ’ ಎಂದಳು. ‘ಹಂಗಲ್ರಿ, ಹಂಗಲ್ರಿ’ ಎಂದು ಅವನು ಎರಡು ಸಲ ಹೇಳಿದ. ಪರದೆ ಸರಿಯಿತು. ಅಂಜನಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ಅವಳು ಅವನ ಮುಖ ನೋಡಲಿಲ್ಲ, ಡಾಕ್ಟರ ಕೈಯಿಂದ ಚೀಟಿ ಇಸಿದುಕೊಂಡು ಹೊರಗೆ ನಡೆದಳು.

ಎದುರಿನ ಖಾನಾವಳಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದ. ಅವಳು ಮುಟ್ಟಲಿಲ್ಲ. ‘ನಿಮ್ಮವ್ವ ಕೇಳಿದ್ರ ನನಗೇನೂ ಅನಸ್ತಿದ್ದಿಲ್ರಿ’ ಎಂದಳು. ‘ಗಂಡು ಹುಟ್ಟಿದ್ರ ಬೀರಪ್ಪಗ ಕಂಬಳಿ ಹೊದಸ್ತೇನಂತ ಬೇಡಿಕೊಂಡಾರ, ಗೊತ್ತೈತಿ. ಹಳೀ ಮಂದಿ. ನೀವು ಹಂಗಿಲ್ಲ ಅನಕೊಂಡಿದ್ನಿ.’

ಆಗ ಅವನೊಳಗೆ ಆದದ್ದನ್ನು ನೆನೆದರೆ ಅವನಿಗೆ ಮೀನಿಗಿಂತ, ಪುಡಿಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಅವನಿಗೆ ಹಗುರಾಯಿತು. ಗಂಡು ಬೇಕೆಂದು ಕೇಳಿದ ಗಂಡ. ಊರ ತುಂಬ ಇದ್ದಾರೆ ಅಂಥವರು. ನಾಲ್ಕು ದಿನ ಮಾತು ಬಿಡುತ್ತಾಳೆ, ಐದನೆಯ ದಿನ ನೀರು ತಂದು ಕೊಡುತ್ತಾಳೆ. ಈ ತಪ್ಪಿಗೆ ಕ್ಷಮೆ ಇದೆ. ಈ ತಪ್ಪಿನೊಳಗೆ ಹೊಕ್ಕು ಕೂತುಬಿಟ್ಟರೆ ಆ ಇನ್ನೊಂದನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಹುಟ್ಟಿದ ಮೇಲೆ ಏನಾದರೂ ಕಂಡರೂ ದೇವರು, ಗ್ರಹಣ, ಹಣೆಬರಹ ಎಂದು ನೂರು ಹೆಸರು ಸಿಗುತ್ತವೆ, ಇಪ್ಪತ್ತೊಂದು ದಿನ ಹೊರಸಿನ ಮೇಲೆ ಕೂತು ನಕ್ಕವನ ಹೆಸರು ಯಾರ ಬಾಯಿಗೂ ಬರುವುದಿಲ್ಲ. ‘ತಪ್ಪಾತು’ ಎಂದ. ಹೇಳುವಾಗ ದನಿ ಎಷ್ಟು ಸಹಜವಾಗಿತ್ತೆಂದರೆ ತಾನೇ ಬೆಚ್ಚಿದ.

ಅಂಜನಾ ತಲೆಯಾಡಿಸಿದಳು. ತಟ್ಟೆಯ ಅಂಚಿನಲ್ಲಿದ್ದ ಶೇಂಗಾವೊಂದನ್ನು ಬೆರಳಿನಿಂದ ಅತ್ತ ಇತ್ತ ಉರುಳಿಸಿದಳು.

‘ನಾ ಅದಕ್ಕ ಹೆಸರಿಟ್ಟೇನ್ರಿ. ಹೆಣ್ಣಿನ ಹೆಸರು. ಒಬ್ಬಾಕಿನಽ ಇದ್ದಾಗ ಮಾತಾಡಸ್ತೇನಿ. ಏನಂತ ನಿಮಗ ಹೇಳೂದಿಲ್ಲ ಈಗ.’

ಯಾರನ್ನು ಮಾತಾಡಿಸುತ್ತಿದ್ದಾಳೆ ಇವಳು. ಹೆಸರು ಕೇಳಿ ಒಳಗೆ ಹೊರಳುವುದು ಏನು. ಗಾಜಿನ ಆಚೆ ಬಾಯಿ ತುಂಬ ಮರಳು ತುಂಬಿಕೊಂಡು...

‘ಅಂಜನಾ, ನಾ ಗಂಡಽ ಬೇಕಂತ ಕೇಳಲಿಲ್ಲ’ ಎಂದುಬಿಟ್ಟ. ಆಮೇಲೆ ನಿಲ್ಲಲಿಲ್ಲ. ಪುಡಿಯ ಮಾತು, ತೌಸಿಫ ಮೊನ್ನೆ ಹೇಳಿದ ಮಾತು, ಬೆಳಿಗ್ಗೆಯ ರಿಪೋರ್ಟು, ಎಲ್ಲವನ್ನೂ ಹಿಂದು ಮುಂದಾಗಿ ಹೇಳಿದ. ಪಕ್ಕದ ಮೇಜಿನವರು ಎದ್ದುಹೋದರು, ಮಾಣಿ ಎರಡು ಸಲ ಬಂದು ಚಹಾ ಬೇಕೇ ಎಂದು ಕೇಳಿದ, ಅವನು ಹೇಳುತ್ತಲೇ ಇದ್ದ.

ಅವಳು ಅಳಲಿಲ್ಲ. ಕೈಗಳನ್ನು ಮೇಜಿನ ಮೇಲಿಂದ ತೆಗೆದು ಮಡಿಲಿಗೆ ತಂದುಕೊಂಡಳು; ಅಲ್ಲಿಂದಲೂ ತೆಗೆದು, ಹೊಟ್ಟೆಗೆ ತಾಗದ ಹಾಗೆ ಬೆಂಚಿನ ಎರಡೂ ಬದಿಗೆ ಊರಿದಳು.

‘ಕೈಗೆ ಏನರ ಹಾಕ್ಕೊಳ್ಳಲೇನು ಅಂತ ಕೇಳಿದ್ನಿ.’

‘ಹೂಂ.’

‘ನಕ್ಕಿ ನೀ.’

‘ಹೂಂ.’

ಐದು ವರ್ಷದಲ್ಲಿ ಮೊದಲ ಸಲ ಅವಳು ಅವನನ್ನು ನೀ ಎಂದಿದ್ದಳು. ಅವನಿಗೆ ಅದು ಹೊಡೆತದಂತೆ ಬೀಳಲಿಲ್ಲ. ಸರಿಯಾದ ವಿಳಾಸಕ್ಕೆ ಬಂದ ಪತ್ರದಂತೆ ಕೈಗೆ ಬಂತು. ಅವಳು ಎದ್ದು ರಸ್ತೆ ದಾಟಿ ದವಾಖಾನೆಯ ಮೆಟ್ಟಿಲು ಹತ್ತಿದಳು.

ಬಾಗಿಲಲ್ಲಿ ನರ್ಸು ಅವನನ್ನು ತಡೆದಳು. ‘ಇವ್ರು ಗಂಡು-ಹೆಣ್ಣು ಕೇಳಾಕ ಬಂದಿಲ್ರಿ, ಬಿಡ್ರಿ’ ಎಂದು ಅಂಜನಾ ಇಡೀ ಬೆಂಚಿಗೆ ಕೇಳುವಂತೆ ಹೇಳಿ ಒಳಗೆ ಹೋದಳು. ಡಾಕ್ಟರು ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡರು. ಎಷ್ಟನೆಯ ವಾರ, ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು, ಔಷಧದ ಹೆಸರೇನು. ಅಮಸಿದ್ದಪ್ಪ ತೌಸಿಫನಿಗೆ ಫೋನು ಹಚ್ಚಿದ. ಅವನು ಬಸ್ಸಿನ ಗದ್ದಲದ ನಡುವೆ ಹೆಸರು ಹೇಳಿ, ಯಾಕೆ ಎಂದು ಕೇಳುವಷ್ಟರಲ್ಲಿ ಅಮಸಿದ್ದಪ್ಪ ಫೋನು ಇಟ್ಟ. ಡಾಕ್ಟರು ಹೆಸರನ್ನು ಬರೆದುಕೊಂಡರು.

‘ಸುಳ್ಳು ಹೇಳೂದಿಲ್ಲವ್ವಾ ನಿನಗ’ ಎಂದು ಅಂಜನಾಗೆ ಹೇಳಿದರು. ‘ಇದು ಬಸುರಿಯರು ಮುಟ್ಟೂ ಅಂಥಾದ್ದಲ್ಲ. ಕೈಯಿಂದ ಎಷ್ಟು ಒಳಗ ಹೋಗೇತಿ, ನನಗ ಗೊತ್ತಿಲ್ಲ. ಏನೂ ಆಗದಽ ಇರಬಹುದು. ಈಗ ನೋಡಿದ್ದರಾಗ ನನ್ನ ಕಣ್ಣಿಗೆ ತಪ್ಪು ಕಂಡಿಲ್ಲ, ಆದ್ರ ನಾ ಅದನ್ನ ಹುಡುಕಿ ನೋಡಿಲ್ಲ. ದೊಡ್ಡ ದವಾಖಾನಿಗೆ ಬರದು ಕೊಡ್ತೇನಿ. ಹುಟ್ಟಿದ ಮ್ಯಾಲೂ ತೋರಿಸಬೇಕು. ಏನರ ಇದ್ರೂ ಇಲಾಜ್ ಐತಿ.’ ಆಮೇಲೆ ಅವನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ‘ಈಗ ಯಾರು ಕಲಸ್ತಾರ?’

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

‘ಇಕಿ ಬಿಟ್ಟ ಮ್ಯಾಲ ಪುಡಿ ಯಾರು ಕಲಸಾಕತ್ಯಾರ?’

ಕಲಸುತ್ತಿದ್ದವಳು ನಿಖತ. ಕೇಂದ್ರದ ಗೇಟಿನ ಪಕ್ಕದ ಮನೆಯಲ್ಲಿ ಅಮೀನಬಿ ಇದ್ದಳು. ಅವಳ ಮಗ ಜುಬೇರ ಮರಿಗಳನ್ನು ಸಾಗಿಸುವ ಗಾಡಿ ಓಡಿಸುತ್ತಿದ್ದ. ಅವನ ಹೆಂಡತಿ ನಿಖತ, ಇಪ್ಪತ್ತರ ಹುಡುಗಿ. ಅಂಜನಾಳಿಂದಲೇ ಕಲಸುವುದನ್ನು ಕಲಿತಿದ್ದಳು, ಬರಿಗೈಯಲ್ಲಿ. ಅಂಜನಾ ಅವನನ್ನು ನೋಡಿದಳು. ಅವನ ಕಿವಿಯಲ್ಲಿ ನೀರು ಹೊಕ್ಕಂತಾಯಿತು. ಮೊನ್ನೆಯಿಂದ ಎರಡು ದಿನ, ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಹೊಟ್ಟೆ, ಒಂದೇ ಕೂಸು, ಒಂದೇ ಅಂಜಿಕೆ. ಅದರ ಆಚೆಗೆ ಇನ್ನೊಂದು ಜೀವ ಪುಡಿಯಲ್ಲಿ ಕೈ ಅದ್ದಿ ಕೂತಿದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಹೊಳೆದಿರಲಿಲ್ಲವೇ? ನಿಖತಳಿಗೆ ಹೇಳಿದ್ದರೆ ಅವಳು ಅಂಜನಾಗೆ ಹೇಳುತ್ತಿದ್ದಳು.

‘ಅಕಿ ಮದವಿ ಆಗಿ ಆರು ತಿಂಗಳಾತು’ ಎಂದಳು ಅಂಜನಾ. ‘ಫೋನ್ ಹಚ್ಚು.’

ಜುಬೇರನ ಫೋನು ಬಂದ್ ಆಗಿತ್ತು, ಗಾಡಿಯ ಮೇಲಿದ್ದ. ಮನೆಯಲ್ಲಿ ಬೇರೆ ಫೋನಿರಲಿಲ್ಲ. ಕೇಂದ್ರದ ಕಡೆ ಹೋಗುವ ಕಲಾದಗಿಯ ಬಸ್ಸು ಸಿಗಲು ಮುಕ್ಕಾಲು ತಾಸಾಯಿತು. ಬಸ್ಸಿನಲ್ಲಿ ಅಂಜನಾ ಮುಂದಿನ ಸೀಟಿನಲ್ಲಿ ಕೂತಳು. ಅವನು ಅವಳ ಪಕ್ಕದಲ್ಲಿ ಕೂಡದೆ, ಖಾಲಿ ಸೀಟಿದ್ದರೂ ಕಂಬ ಹಿಡಿದು ನಿಂತ. ಪ್ರತಿ ಸ್ಟಾಪಿನಲ್ಲೂ ಬಸ್ಸು ನಿಂತಾಗ, ಈಗ ನಿಖತ ಸಾಣಿಸಿರುತ್ತಾಳೆ, ಈಗ ಔಷಧ ಸುರಿದಿರುತ್ತಾಳೆ, ಈಗ ಕೈ ಹಾಕಿರುತ್ತಾಳೆ ಎಂದು ಅವಳ ಕೆಲಸ ಅವನೊಳಗೆ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಿತ್ತು. ಇಳಿದುಹೋಗಿಬಿಡಲೇ, ಯಾವುದಾದರೂ ಊರಲ್ಲಿ, ಎಂದೂ ಅನ್ನಿಸಿತು. ಇಳಿಯಲಿಲ್ಲ.

ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನ ಕೆಳಗೆ ನಿಖತ ಕುಕ್ಕರುಗಾಲಲ್ಲಿ ಕೂತು ದೊಡ್ಡ ಬೋಗುಣಿಯಲ್ಲಿ ಕಲಸುತ್ತಿದ್ದಳು. ಓಢಣಿ ಹಿಂದಕ್ಕೆ ಕಟ್ಟಿತ್ತು. ಅವರನ್ನು ನೋಡಿ ನಕ್ಕಳು. ‘ಏನಂದ್ರು ಅಕ್ಕಾ ಡಾಕ್ಟರು?’

‘ಕೈ ತಗಿ’ ಎಂದಳು ಅಂಜನಾ. ಓಡಿ ಬಂದದ್ದಕ್ಕೆ ಉಸಿರು ಕೂಡಿರಲಿಲ್ಲ. ‘ತಗಿಯವ್ವಾ ಮದಲ.’ ತಾನೇ ನಳದಿಂದ ಕೊಡ ತುಂಬಿ ಅವಳ ಮೊಳಕೈಯಿಂದ ಕೆಳಗೆ ನೀರು ಸುರಿದಳು, ಸಾಬೂನು ಕೊಟ್ಟಳು, ಮತ್ತೆ ಸುರಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ‘ಹೇಳು.’

ಅವನು ಹೇಳಿದ. ಖಾನಾವಳಿಯಲ್ಲಿ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದ, ಆದರೆ ಯಾವುದನ್ನೂ ಬಿಡಲಿಲ್ಲ. ನಿಖತಳ ಮುಖದಿಂದ ನಗು ಒಮ್ಮೆಲೆ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ತುಟಿಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು.

‘ಅಕ್ಕಾ, ನನಗ ತಿಂಗಳು ತಪ್ಪಿ ಹದಿನೈದು ದಿನ ಆಗೇತಿ’ ಎಂದು ಅಂಜನಾಗೆ ಮೆಲ್ಲಗೆ ಹೇಳಿದಳು. ‘ಅವರಿಗೂ ಹೇಳಿಲ್ಲ ಇನ್ನಾ.’

ಅಂಜನಾ ಅವಳ ಒದ್ದೆ ಕೈಗಳನ್ನು ತನ್ನ ಸೆರಗಿನಿಂದ ಒರೆಸತೊಡಗಿದಳು. ಬಹಳ ಹೊತ್ತು ಒರೆಸಿದಳು. ನಿಖತ ಅವಳ ತಲೆಯ ಮೇಲಿಂದ ಅಮಸಿದ್ದಪ್ಪನನ್ನು ನೋಡಿ ಕೇಳಿದಳು:

‘ನಿಮಗ ಯಾವಾಗ ಗೊತ್ತಾತ್ರಿ ಅಣ್ಣಾ?’

ಇವತ್ತು ಎನ್ನಬಹುದಿತ್ತು. ಇವತ್ತೇ ಡಾಕ್ಟರು ಹೇಳಿದರು, ಕೇಳಿದ ಕೂಡಲೇ ಓಡಿ ಬಂದೆವು ಎನ್ನಬಹುದಿತ್ತು. ಅಂಜನಾ ತಲೆ ಎತ್ತಲಿಲ್ಲ, ಒರೆಸುವ ಕೈ ಮಾತ್ರ ನಿಂತಿತು.

‘ಮೊನ್ನಿ’ ಎಂದ.

‘ನಿನ್ನಿ ಔಷಧ ಕರಗಿಸಿ ನನ್ನ ಕೈಯಾಗ ಕೊಟ್ಟಾವ್ರು ನೀವಽ ಅಲ್ರಿ?’

‘ಹೌದವಾ.’

ಅವಳು ಬೈಯಬಹುದೆಂದು, ಕೂಗಿ ಅಳಬಹುದೆಂದು ಅವನು ಭುಜ ಬಿಗಿಹಿಡಿದು ನಿಂತ. ನಿಖತ ಎರಡನ್ನೂ ಮಾಡಲಿಲ್ಲ. ಗೇಟಿನ ಆಚೆ, ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು.

‘ಅತ್ತಿಗೆ ನಾ ಹೇಳಲಾರೆ. ನೀವಽ ಹೋಗಿ ಹೇಳ್ರಿ.’

ಐವತ್ತು ಹೆಜ್ಜೆಯ ದಾರಿ. ಜುಬೇರ ಸಂಜೆ ಬರುತ್ತಾನೆ, ಅವನಿಗೂ ಹೇಳಬೇಕು, ಇಳಕಲ್ಲಿಗೆ ಮಾಲೀಕನಿಗೆ ಫೋನು ಮಾಡಬೇಕು, ಊರಲ್ಲಿ ತನ್ನ ತಾಯಿಗೆ ಹೇಳಬೇಕು. ಹೆದರಿಕೆ ಕಡಿಮೆಯಾಗುವ ದಾರಿಯೇ ಇರಲಿಲ್ಲ. ಹಿಂದೆ ಇಬ್ಬರು ಹೆಂಗಸರ ದನಿ ಇತ್ತು, ಏನೆಂದು ಕೇಳುತ್ತಿರಲಿಲ್ಲ. ಅಮೀನಬಿ ಮೊರವನ್ನು ಬದಿಗಿಟ್ಟು, ಬಿಸಿಲಿಗೆ ಕೈ ಅಡ್ಡ ಹಿಡಿದು, ಬರುತ್ತಿದ್ದವನು ಯಾರೆಂದು ನೋಡಿದಳು.

‘ಯಾರು, ಸಿದ್ದಪ್ಪನಾ? ಬಾರಪಾ. ಯಾಕ, ಮಾರಿ ಯಾಕ ಹಿಂಗ ಆಗೇತಿ?’

ಅವನು ಚಪ್ಪಲಿ ಬಿಟ್ಟು ಅವಳೆದುರು ನೆಲದ ಮೇಲೆ ಕೂತ.